ಬಾಲ್ ಪೈಥಾನ್ ಮರಿಗೆ ಯಾವ ಹಾಸು ಸುರಕ್ಷಿತ?

ಶಿಕಾಗೋ ಸಮೀಪದಲ್ಲಿರುವ ತಾವು ಹನ್ನೆರಡು ವರ್ಷದ ಮಗನಿಗಾಗಿ ಬಾಲ್ ಪೈಥಾನ್ ಹಾವಿನ ಮರಿಯೊಂದನ್ನು ತಂದಿರುವುದಾಗಿಯೂ, ಅಂಗಡಿಯಲ್ಲಿ ಕೊಟ್ಟ ಸೀಡರ್ ಮರದ ಹೊಟ್ಟನ್ನೇ ಗಾಜಿನ ಪೆಟ್ಟಿಗೆಯಲ್ಲಿ ಹಾಸಿರುವುದಾಗಿಯೂ ಬರೆದು, ಅದು ಸರಿಯೇ ಎಂದು ಕೇಳಿದ್ದೀರಿ. ಸರಿಯಲ್ಲ. ದಯವಿಟ್ಟು ಇಂದೇ ಅದನ್ನು ಪೂರ್ತಿಯಾಗಿ ತೆಗೆದು, ಪೆಟ್ಟಿಗೆಯನ್ನು ತೊಳೆದು ಒಣಗಿಸಿ, ಸದ್ಯಕ್ಕೆ ಅಡುಗೆಮನೆಯ ಬಿಳಿ ಪೇಪರ್ ಟವೆಲನ್ನು ಎರಡು ಮೂರು ಪದರವಾಗಿ ಹಾಸಿರಿ. ಉಳಿದದ್ದನ್ನು ನಿಧಾನವಾಗಿ ಓದಬಹುದು.

ಸೀಡರ್‌ನ ಪರಿಮಳ ನಮಗೆ ಹಿತವೆನಿಸುತ್ತದೆ, ಆದರೆ ಆ ಪರಿಮಳಕ್ಕೆ ಕಾರಣವಾದ ಎಣ್ಣೆಯ ಅಂಶಗಳೇ ಹಾವಿನ ಶ್ವಾಸಮಾರ್ಗವನ್ನು ಕೆರಳಿಸುತ್ತವೆ. ಹಾವು ಇಡೀ ದಿನ ಹೊಟ್ಟೆಯನ್ನು ಅದಕ್ಕೇ ಒತ್ತಿಕೊಂಡು, ಮುಚ್ಚಿದ ಪೆಟ್ಟಿಗೆಯೊಳಗೆ ಅದೇ ಗಾಳಿಯನ್ನು ಉಸಿರಾಡುತ್ತಾ ಮಲಗಿರುತ್ತದೆ. ಹಾವಿಗೆ ನಮಗಿರುವಂತೆ ವಪೆ (ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು) ಇಲ್ಲ. ಆದ್ದರಿಂದ ಅದು ಬಲವಾಗಿ ಕೆಮ್ಮಿ ಕಫವನ್ನು ಹೊರಹಾಕಲಾರದು, ಶ್ವಾಸಕೋಶದ ಸೋಂಕು ಒಮ್ಮೆ ಹಿಡಿದರೆ ಸುಲಭವಾಗಿ ಬಿಡುವುದಿಲ್ಲ. ಚೆನ್ನಾಗಿ ಒಣಗಿಸದ ಪೈನ್ ಮರದ ಹೊಟ್ಟನ್ನೂ ಇದೇ ಕಾರಣಕ್ಕೆ ದೂರವಿಡುವುದು ಒಳ್ಳೆಯದು.

ಮಿಷಿಗನ್‌ನಲ್ಲಿರುವ ನಮ್ಮ ಮನೆಯಲ್ಲಿ ಒಂದು ಬಾಲ್ ಪೈಥಾನ್ ಮತ್ತು ಒಂದು ಕಾರ್ನ್ ಸ್ನೇಕ್ ಒಂಬತ್ತು ವರ್ಷಗಳಿಂದ ಇವೆ. ಈ ಅವಧಿಯಲ್ಲಿ ನಾನು ಕಲಿತ ಮುಖ್ಯ ವಿಷಯವೆಂದರೆ, ಎಲ್ಲ ಹಾವಿಗೂ ಸಲ್ಲುವ ಒಂದೇ ಹಾಸು ಇಲ್ಲ. ಯಾವ ಹಾಸು ಎಂಬುದನ್ನು ಆ ಹಾವಿನ ಮೈ ಬಯಸುವ ತೇವಾಂಶವೇ ನಿರ್ಧರಿಸಬೇಕು. ಇದನ್ನು ನಾನು ಒಂದು ತಪ್ಪಿನಿಂದ ತಿಳಿದುಕೊಂಡೆ. ಆಸ್ಪೆನ್ ಮರದ ತೆಳು ಚಕ್ಕೆಗಳು ಸುರಕ್ಷಿತವೆಂದು ಓದಿ ಎರಡೂ ಪೆಟ್ಟಿಗೆಗಳಿಗೆ ಅದನ್ನೇ ಹಾಕಿದ್ದೆ. ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್‌ಗೆ ಅದು ಚೆನ್ನಾಗಿಯೇ ಹೊಂದಿತು. ಒಣಗಿರುವ ಆ ಚಕ್ಕೆಗಳಲ್ಲಿ ಅದು ಸುರಂಗ ಮಾಡಿಕೊಂಡು ನೆಮ್ಮದಿಯಿಂದಿತ್ತು. ಪೈಥಾನ್‌ನ ಪೊರೆ ಮಾತ್ರ ತುಂಡುತುಂಡಾಗಿ ಕಳಚಿತು. ತೇವ ಸಾಲದೆಂದು ನಾನು ದಿನವೂ ನೀರು ಚಿಮುಕಿಸಿದೆ. ಎರಡೇ ವಾರದಲ್ಲಿ ಚಕ್ಕೆಗಳ ಅಡಿಯಲ್ಲಿ ಬೂಷ್ಟು ಬೆಳೆದಿತ್ತು. ಒಣಗಿದ್ದಾಗ ಒಳ್ಳೆಯದಾಗಿದ್ದ ಹಾಸು ನೆನೆದಾಗ ಕೆಟ್ಟದ್ದಾಯಿತು.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಘಾನಾ, ಟೋಗೋ, ಬೆನಿನ್ ಕಡೆಯ ಹುಲ್ಲುಗಾಡಿನಲ್ಲಿ ಅದು ಹಗಲನ್ನು ಇಲಿ ಹೆಗ್ಗಣಗಳ ಬಿಲದಲ್ಲಿ ಕಳೆಯುತ್ತದೆ. ಮೇಲೆ ನೆಲ ಒಣಗಿದ್ದರೂ ಬಿಲದೊಳಗಿನ ಗಾಳಿ ತೇವವಾಗಿರುತ್ತದೆ. ನಾವು ಪೆಟ್ಟಿಗೆಯಲ್ಲಿ ಕಟ್ಟಿಕೊಡಬೇಕಾದುದು ಆ ಬಿಲದ ಗಾಳಿಯನ್ನು: ಸುಮಾರು 60ರಿಂದ 70 ಶೇಕಡಾ ತೇವಾಂಶ, ಪೊರೆ ಬಿಡುವ ದಿನಗಳಲ್ಲಿ ಇನ್ನಷ್ಟು. ನಿಮ್ಮ ಊರಿನ ಚಳಿಗಾಲದಲ್ಲಿ ಮನೆಯ ಹೀಟರ್ ಗಾಳಿಯನ್ನು ಒಣಗಿಸಿಬಿಡುವುದರಿಂದ ಪೇಪರ್ ಟವೆಲ್ ಬಹಳ ದಿನ ಸಾಲದು. ಆದರೆ ಹೊಸ ಮರಿಯ ಮೈಯಲ್ಲಿ ಉಣ್ಣಿಯಂಥ ಸಣ್ಣ ಕಪ್ಪು ಹುಳುಗಳಿವೆಯೇ, ಮಲ ಸರಿಯಾಗಿದೆಯೇ ಎಂದು ನೋಡಲು ಬಿಳಿ ಕಾಗದದಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಮೊದಲ ಕೆಲವು ವಾರ, ಒದ್ದೆ ಪಾಚಿ (ಸ್ಫ್ಯಾಗ್ನಮ್ ಮಾಸ್) ತುಂಬಿದ ಮುಚ್ಚಳದ ಡಬ್ಬಿಯೊಂದಕ್ಕೆ ಹಾವು ನುಸುಳುವಷ್ಟು ತೂತು ಮಾಡಿ ಒಳಗಿಟ್ಟು, ಅದರ ಜೊತೆಗೆ ಕಾಗದವನ್ನೇ ಬಳಸಿರಿ.

ಆಮೇಲೆ ತೆಂಗಿನ ನಾರಿನ ಪುಡಿ ಮತ್ತು ತೆಂಗಿನ ಸಿಪ್ಪೆಯ ಚೂರುಗಳನ್ನು ಬೆರೆಸಿ ಹಾಸಿರಿ. ಸೈಪ್ರೆಸ್ ಮರದ ಚೂರೂ ಆಗಬಹುದು. ತಿಪಟೂರಿನ ಕಡೆ ತೆಂಗಿನ ಸಿಪ್ಪೆಯ ರಾಶಿಗಳ ನಡುವೆ ಬೆಳೆದ ನನಗೆ, ಮಳೆ ನಿಂತು ವಾರವಾದರೂ ಆ ರಾಶಿಯ ಒಳಗೆ ಕೈಯಿಟ್ಟರೆ ತಣ್ಣಗೆ ತೇವವಾಗಿರುತ್ತಿದ್ದುದು ಇಂದಿಗೂ ನೆನಪಿದೆ. ಆ ಗುಣವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಗೊಬ್ಬರ ಬೆರೆಸದ, ಇಟ್ಟಿಗೆಯಂತೆ ಒತ್ತಿ ಮಾರುವ ನಾರಿನ ಪುಡಿಯನ್ನೇ ಕೊಂಡು, ಬಿಸಿನೀರಿನಲ್ಲಿ ನೆನೆಸಿ, ಹಿಂಡಿದರೆ ಹನಿ ಬೀಳದಷ್ಟು ಒಣಗಿಸಿ, ಮೂರು ನಾಲ್ಕು ಅಂಗುಲ ದಪ್ಪಕ್ಕೆ ಹರಡಿರಿ. ಮೇಲಿನಿಂದ ಚಿಮುಕಿಸುವ ಬದಲು ಪೆಟ್ಟಿಗೆಯ ಮೂಲೆಗಳಲ್ಲಿ ಸ್ವಲ್ಪ ನೀರು ಸುರಿಯಿರಿ; ಅದು ಕೆಳಗಿನ ಪದರಕ್ಕೆ ಇಳಿದು, ಅಲ್ಲಿಂದ ನಿಧಾನವಾಗಿ ಆವಿಯಾಗುತ್ತದೆ, ಮೇಲ್ಮೈ ಒಣಗಿಯೇ ಇರುತ್ತದೆ. ಹಾವಿನ ಹೊಟ್ಟೆಗೆ ತಾಗುವ ಮೇಲ್ಮೈ ಸದಾ ಒದ್ದೆಯಾಗಿದ್ದರೆ ಅಡಿಯ ಹುರುಪೆಗಳು ಕೆಂಪಾಗಿ, ಗುಳ್ಳೆಯೆದ್ದು ಕೊಳೆಯುತ್ತವೆ.

ಹಾಸಿನ ದಪ್ಪಕ್ಕೂ ಶಾಖಕ್ಕೂ ಒಂದು ಸಂಬಂಧವಿದೆ, ಇದನ್ನು ಅಂಗಡಿಗಳಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಪೆಟ್ಟಿಗೆಯ ತಳಕ್ಕೆ ಅಂಟಿಸುವ ಹೀಟ್ ಮ್ಯಾಟಿನ ಮೇಲೆ ದಪ್ಪ ಹಾಸು ಬಿದ್ದರೆ ಶಾಖ ಅಡಿಯಲ್ಲೇ ಸಿಕ್ಕಿಕೊಂಡು ಗಾಜು ವಿಪರೀತ ಕಾಯುತ್ತದೆ. ಬೆಚ್ಚಗಿನ ಜಾಗ ಹುಡುಕುತ್ತಾ ಕೆಳಕ್ಕೆ ತೋಡಿಕೊಂಡು ಹೋಗುವ ಹಾವು ಸುಟ್ಟುಕೊಳ್ಳುತ್ತದೆ. ಆದ್ದರಿಂದ ದಪ್ಪ ಹಾಸಿನೊಡನೆ ಮೇಲಿನಿಂದ ಶಾಖ ಕೊಡುವ ಸೆರಾಮಿಕ್ ಬಲ್ಬ್ ಉತ್ತಮ. ಅದು ಹಾವಿಗೆ ಎಟುಕದಂತೆ ಜಾಲರಿಯ ಆಚೆಗಿರಲಿ, ಥರ್ಮೋಸ್ಟಾಟ್ ಇಲ್ಲದೆ ಯಾವ ಹೀಟರನ್ನೂ ಹಚ್ಚಬೇಡಿ. ಪೆಟ್ಟಿಗೆಯ ಒಂದು ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 25ರಿಂದ 27 ಡಿಗ್ರಿ ಇರಲಿ. ಎರಡೂ ಬದಿಯಲ್ಲಿ ಮೈಗೆ ಒತ್ತಿ ಕೂರುವಷ್ಟು ಕಿರಿದಾದ ಗೂಡು ಇರಲಿ. ಒಂದೇ ಗೂಡಿದ್ದರೆ ಹಾವು ಬಚ್ಚಿಟ್ಟುಕೊಳ್ಳುವುದಕ್ಕಾಗಿ ಬೇಕಾದ ಶಾಖವನ್ನೇ ಬಿಟ್ಟುಕೊಡುತ್ತದೆ.

ಮರಳನ್ನು ಈ ಹಾವಿಗೆ ಹಾಸಬೇಡಿ. ಮಲವನ್ನು ಕಂಡ ದಿನವೇ ಸುತ್ತಲಿನ ಹಾಸಿನೊಡನೆ ತೆಗೆಯಿರಿ, ಎರಡು ಮೂರು ತಿಂಗಳಿಗೊಮ್ಮೆ ಇಡೀ ಹಾಸನ್ನು ಬದಲಿಸಿರಿ. ಹಾವುಗಳ ಮಲದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದಾದ್ದರಿಂದ, ಪೆಟ್ಟಿಗೆಯೊಳಗೆ ಕೈ ಹಾಕಿದ ಪ್ರತಿ ಸಲವೂ ಮಗ ಸೋಪಿನಿಂದ ಕೈ ತೊಳೆಯಬೇಕು, ಪೆಟ್ಟಿಗೆಯ ಸಾಮಾನನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು.

ಊರಿನಿಂದ ಬಂದಿರುವ ನಿಮ್ಮ ತಾಯಿಯವರು ಹಾಲಿಡಬೇಕೆಂದಿದ್ದಾರೆ ಎಂದೂ ಬರೆದಿದ್ದೀರಿ. ಅವರ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಹಾಲು ಹಾವಿನ ಆಹಾರವಲ್ಲ, ಅದಕ್ಕೆ ಜೀರ್ಣವೂ ಆಗದು. ಶುದ್ಧ ನೀರಿನ ಭಾರವಾದ ಬಟ್ಟಲೊಂದನ್ನು ಇಟ್ಟು, ದಿನವೂ ಅದನ್ನು ಬದಲಿಸುವ ಕೆಲಸವನ್ನು ಅಮ್ಮನವರಿಗೇ ಒಪ್ಪಿಸಬಹುದು. ಊರಿನಲ್ಲಿ ಇದನ್ನು ಓದುತ್ತಿರುವವರಿಗೂ ಒಂದು ಮಾತು: ನಮ್ಮ ಕೇರೆ, ನಾಗರ, ಹೆಬ್ಬಾವುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಅವನ್ನು ಮನೆಯಲ್ಲಿ ಸಾಕುವುದು ಅಪರಾಧ.

ನಿಮ್ಮ ಮರಿ ಕೆಲವು ದಿನ ಸೀಡರ್ ಮೇಲೆ ಇದ್ದುದರಿಂದ ಅದರ ಉಸಿರಾಟವನ್ನು ಎರಡು ವಾರ ಗಮನಿಸಿರಿ. ಉಸಿರಿನಲ್ಲಿ ಸಿಳ್ಳಿನಂಥ ಸದ್ದು, ಬಾಯಿಯಂಚಿನಲ್ಲಿ ನೊರೆ, ತಲೆಯೆತ್ತಿ ಬಾಯಿ ತೆರೆದುಕೊಂಡಿರುವುದು, ಇವುಗಳಲ್ಲಿ ಯಾವುದು ಕಂಡರೂ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿ ಅಂದೇ ಹೋಗಿರಿ. ಹಾಗೇನೂ ಇಲ್ಲದಿದ್ದರೆ, ಹೊಸ ಪೆಟ್ಟಿಗೆಯಲ್ಲಿ ಒಂದು ವಾರ ಅದನ್ನು ಅದರಷ್ಟಕ್ಕೆ ಬಿಟ್ಟು, ಆಮೇಲೆ ಅದರ ಮೈಯ ದಪ್ಪಕ್ಕೆ ಸಮನಾದ, ಹೆಪ್ಪುಗಟ್ಟಿಸಿ ಕರಗಿಸಿದ ಇಲಿಯನ್ನು ಬೆಚ್ಚಗೆ ಮಾಡಿ, ಮೈ ಒರೆಸಿ, ಚಿಮಟದಿಂದ ಕೊಡಿರಿ. ತಿಂದ ಮೇಲೆ ಇನ್ನೆರಡು ದಿನ ಎತ್ತಿಕೊಳ್ಳಬಾರದೆಂದು ಮಗನಿಗೆ ಈಗಲೇ ಹೇಳಿಡಿ.