18 ವರ್ಷದ ಅಂತರ: ಇದರಲ್ಲಿ ಸೋಷಿಯಲ್ ವರ್ಕ್‌ನವರಿಗೆ ಏನು ಕೆಲಸ?

ನಿಮ್ಮ ಪ್ರಶ್ನೆ: "ಎಂ.ಎಸ್.ಡಬ್ಲ್ಯೂ. ಕೊನೆಯ ಸೆಮಿಸ್ಟರಿನಲ್ಲಿದ್ದೇನೆ. ಅಮೆರಿಕದಲ್ಲಿ ಸೋಷಿಯಲ್ ವರ್ಕ್ ಪ್ರೊಫೆಸರುಗಳು ಕಪ್ಪು ಜನರ ಮತ್ತು ಬಿಳಿಯರ ಆರೋಗ್ಯದ ಅಂತರ ಕಡಿಮೆ ಮಾಡುವ ಬಗ್ಗೆ ಸಂಶೋಧನೆ ಮಾಡುತ್ತಾರಂತೆ. ಕಾಯಿಲೆ ಡಾಕ್ಟರ ಕೆಲಸ, ವಂಶವಾಹಿ ವಿಜ್ಞಾನಿಗಳ ಕೆಲಸ. ಇದರಲ್ಲಿ ನಮ್ಮವರು ಮಾಡುವುದೇನಿದೆ?"

ನಾನು ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿ, ಮದುವೆಯಾಗಿ ಮಿಸೌರಿಯ ಸೇಂಟ್ ಲೂಯಿಸ್‌ಗೆ ಬಂದವಳು. ಇಲ್ಲಿ ಮತ್ತೆ ಓದಿ, ಲೈಸೆನ್ಸ್ ತೆಗೆದುಕೊಂಡು, ಒಂದು ಆಸ್ಪತ್ರೆಯಲ್ಲಿ ಸೋಷಿಯಲ್ ವರ್ಕರ್ ಆಗಿದ್ದೇನೆ. ಸಂಶೋಧಕಿ ಅಲ್ಲ. ಆದರೆ ನೀವು ಕೇಳಿದ್ದನ್ನೇ ನಮ್ಮತ್ತೆ ಫೋನು ಮಾಡಿದಾಗಲೆಲ್ಲ ಕೇಳುತ್ತಾರೆ: "ಡಾಕ್ಟ್ರೂ ಅಲ್ಲ, ನರ್ಸೂ ಅಲ್ಲ, ಆಸ್ಪತ್ರೇಲಿ ನಿಂಗೇನಮ್ಮ ಕೆಲಸ?" ಹಾಗಾಗಿ ಉತ್ತರ ಹೇಳಿ ಅಭ್ಯಾಸವಾಗಿದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅರವತ್ತರ ಆಸುಪಾಸಿನ ಒಬ್ಬ ಕಪ್ಪು ಯಜಮಾನರು ಒಂದೇ ತಿಂಗಳಲ್ಲಿ ಮೂರನೇ ಸಲ ಅಡ್ಮಿಟ್ ಆದರು. ಸಕ್ಕರೆ ಕಾಯಿಲೆ, ಪ್ರತಿ ಸಲವೂ ಸಕ್ಕರೆ ಐನೂರರ ಮೇಲೆ. ಚಾರ್ಟ್‌ನಲ್ಲಿ ಯಾರೋ 'ನಾನ್ ಕಂಪ್ಲೈಯಂಟ್' ಎಂದು ಬರೆದಿದ್ದರು, ಅಂದರೆ ಹೇಳಿದ ಮಾತು ಕೇಳದ ರೋಗಿ. ನಾನು ಹೋಗಿ ಕೂತು ಕೇಳಿದ್ದು ಒಂದೇ: ಇನ್ಸುಲಿನ್ ಎಲ್ಲಿಟ್ಟಿರುತ್ತೀರಿ? ಪಕ್ಕದ ಮನೆಯಾಕೆಯ ಫ್ರಿಜ್ಜಿನಲ್ಲಂತೆ. ಬಿಲ್ ಕಟ್ಟದೆ ಇವರ ಮನೆಯ ಕರೆಂಟ್ ಕಿತ್ತು ಐದು ವಾರವಾಗಿತ್ತು. ಪಕ್ಕದ ಮನೆಯಾಕೆಗೆ ರಾತ್ರಿ ಪಾಳಿ, ಸಂಜೆಯಾದರೆ ಬೀಗ. ರಾತ್ರಿ ಹಾಕಿಕೊಳ್ಳಬೇಕಾದ ಸೂಜಿ ಬೀಗದ ಒಳಗೆ, ಹಾಕಿಕೊಳ್ಳಬೇಕಾದವರು ಹೊರಗೆ. ಇದನ್ನು ಮಾತು ಕೇಳದಿರುವುದು ಅನ್ನುತ್ತಾರಾ?

ಕರೆಂಟ್ ಬಿಲ್ಲಿಗೆ ನೆರವಾಗುವ ಸರ್ಕಾರಿ ಯೋಜನೆಗೆ ಅರ್ಜಿ ಹಾಕಿಸಿದೆ, ನಾಲ್ಕೈದು ಫೋನು ಮಾಡಿದೆ. ಅದು ನನ್ನಂಥವರ ಕೆಲಸ. ಸಂಶೋಧಕರ ಕೆಲಸ ಶುರುವಾಗುವುದು ಅದರ ಮುಂದೆ: ಈ ಊರಿನಲ್ಲಿ ಇಂಥ ಮನೆಗಳೆಷ್ಟು, ಎಲ್ಲವೂ ಊರಿನ ಒಂದೇ ಮಗ್ಗುಲಿಗೆ ಯಾಕಿವೆ, ಏನು ಬದಲಾಯಿಸಿದರೆ ಆ ಮನುಷ್ಯ ನನ್ನ ಹತ್ತಿರ ಬರುವ ಅಗತ್ಯವೇ ಬೀಳುವುದಿಲ್ಲ?

ಇದನ್ನು ನಮ್ಮೂರಿನಲ್ಲಿ ಸರಿಯಾಗಿ ಕೇಳಿದವರು ಜೇಸನ್ ಪರ್ನೆಲ್. ಇಲ್ಲೇ ಹುಟ್ಟಿ ಬೆಳೆದ ಕಪ್ಪು ವಿದ್ವಾಂಸ. ಪಿಎಚ್‌ಡಿ ಮನಶ್ಶಾಸ್ತ್ರದಲ್ಲಿ, ಪಾಠ ಮಾಡಿದ್ದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಬ್ರೌನ್ ಸ್ಕೂಲ್ ಎಂಬ ಸಮಾಜಕಾರ್ಯ ವಿಭಾಗದಲ್ಲಿ. (ವಿಶ್ವವಿದ್ಯಾಲಯದ ಹೆಸರು ನೋಡಿ ರಾಜಧಾನಿ ವಾಷಿಂಗ್ಟನ್‌ಗೆ ಟಿಕೆಟ್ ತೆಗೆಸೀರಿ, ಇದು ಸೇಂಟ್ ಲೂಯಿಸ್‌ನಲ್ಲೇ ಇದೆ.) ಊರಿನ ಎರಡು ವಿಶ್ವವಿದ್ಯಾಲಯಗಳ ವಿದ್ವಾಂಸರನ್ನು ಸೇರಿಸಿಕೊಂಡು ಅವರು 2014ರ ಮೇ ತಿಂಗಳಲ್ಲಿ 'ಫಾರ್ ದ ಸೇಕ್ ಆಫ್ ಆಲ್' ಎಂಬ ವರದಿ ಹೊರತಂದರು. ಅದರಲ್ಲಿ ಎಲ್ಲರ ಬಾಯಲ್ಲೂ ಉಳಿದದ್ದು ಒಂದು ಲೆಕ್ಕ. ಊರಿನ ಉತ್ತರ ಭಾಗದ 63106 ಎಂಬ ಪಿನ್‌ಕೋಡಿನಲ್ಲಿ ಸರಾಸರಿ ಆಯುಷ್ಯ 67 ವರ್ಷ. ಪಶ್ಚಿಮಕ್ಕಿರುವ ಕ್ಲೇಟನ್, ಅಂದರೆ 63105ರಲ್ಲಿ 85. ನಡುವೆ ಹತ್ತು ಮೈಲಿಯೂ ಇಲ್ಲ. ಮೊದಲನೆಯದರಲ್ಲಿ ಬಹುತೇಕ ಎಲ್ಲರೂ ಕಪ್ಪು ಜನ, ಎರಡನೆಯದರಲ್ಲಿ ಬಹುಪಾಲು ಬಿಳಿಯರು. 18 ವರ್ಷವೆಂದರೆ ಒಂದು ಮಗು ಹುಟ್ಟಿ ಓಟು ಹಾಕುವಷ್ಟು ದೊಡ್ಡದಾಗುವ ಕಾಲ.

ಈ ಲೆಕ್ಕವನ್ನು ತಪ್ಪಾಗಿ ಓದುವವರೂ ಇದ್ದಾರೆ. 63106ರಲ್ಲಿ ಇರುವವರೆಲ್ಲ 67ಕ್ಕೆ ಸಾಯುತ್ತಾರೆ ಎಂದಲ್ಲ. ಅಲ್ಲಿ ಎಳೆ ಕೂಸುಗಳೂ ಹದಿಹರೆಯದ ಹುಡುಗರೂ ಹೆಚ್ಚು ಸಾಯುವುದರಿಂದ ಸರಾಸರಿ ಕುಸಿಯುತ್ತದೆ. ಸಕ್ಕರೆ, ಬಿಪಿ, ಹೃದಯದ ಕಾಯಿಲೆಗಳು ಬೇಗ ಬಂದು ಮಿಕ್ಕದ್ದನ್ನು ಮುಗಿಸುತ್ತವೆ.

ಇನ್ನು ಆ ಮಗ್ಗುಲು ಹಾಗಾದದ್ದು ಹೇಗೆ ಎಂಬುದು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಪಠ್ಯಪುಸ್ತಕಗಳಲ್ಲಿ 'ಸಾಮಾಜಿಕ ಅಂಶಗಳು' ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. 1916ರಲ್ಲಿ ಸೇಂಟ್ ಲೂಯಿಸ್‌ನ ಮತದಾರರು ಓಟು ಹಾಕಿ ಒಂದು ಕಾನೂನು ತಂದರು: ಯಾವ ಬೀದಿಯಲ್ಲಿ ನೂರಕ್ಕೆ 75ರಷ್ಟು ಒಂದು ಬಣ್ಣದವರಿದ್ದಾರೋ ಅಲ್ಲಿಗೆ ಇನ್ನೊಂದು ಬಣ್ಣದವರು ಬಂದು ನೆಲಸುವಂತಿಲ್ಲ. ಮರುವರ್ಷವೇ ಬೇರೊಂದು ಊರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇಂಥ ಕಾನೂನುಗಳನ್ನು ಹೊಡೆದುಹಾಕಿತು. ಜನ ಸುಮ್ಮನಾದರೇ? ಮನೆಯ ಕ್ರಯಪತ್ರದಲ್ಲೇ 'ಕಪ್ಪು ಜನರಿಗೆ ಮಾರತಕ್ಕದ್ದಲ್ಲ' ಎಂದು ಬರೆಸತೊಡಗಿದರು. ಅದಕ್ಕೆ ಕೋರ್ಟಿನ ಬಲ ತಪ್ಪಿದ್ದು 1948ರಲ್ಲಿ, ಇದೇ ಊರಿನ ಲಬಾಡಿ ಅವೆನ್ಯೂನ ಒಂದು ಮನೆಯ ವ್ಯಾಜ್ಯದಲ್ಲಿ. ಆಮೇಲೆ ಪ್ರುಯಿಟ್-ಐಗೊ ಬಂತು: ಬಡವರಿಗೆಂದು ಸರ್ಕಾರ ಕಟ್ಟಿದ, 11 ಮಹಡಿಯ 33 ಕಟ್ಟಡಗಳು. 1954ರಲ್ಲಿ ಜನ ಒಳಗೆ ಬಂದರು, 1972ರಲ್ಲಿ ಸರ್ಕಾರವೇ ಮದ್ದಿಟ್ಟು ಕೆಡವಲು ಶುರುಮಾಡಿತು. ಆ ಜಾಗ ಇರುವುದು 63106ರಲ್ಲೇ. ದಶಕಗಳ ಕಾಲ ಅದರ ಬಹುಭಾಗ ಪೊದೆ ಬೆಳೆದ ಕಾಡಾಗಿತ್ತು. ಕಪ್ಪು ಜನರಿಗೆಂದೇ 1937ರಲ್ಲಿ ತೆರೆದು, ದೇಶಕ್ಕೆ ನೂರಾರು ಕಪ್ಪು ಡಾಕ್ಟರುಗಳನ್ನು ಕೊಟ್ಟ ಹೋಮರ್ ಜಿ. ಫಿಲಿಪ್ಸ್ ಆಸ್ಪತ್ರೆಯನ್ನು 1979ರಲ್ಲಿ ಮುಚ್ಚಿದರು. ಜನ ಬೀದಿಗಿಳಿದು ತಡೆಯಲು ನೋಡಿದರು, ಆಗಲಿಲ್ಲ.

ಈಗ ನಿಮ್ಮ 'ವಂಶವಾಹಿ'ಗೆ ಬರೋಣ. ಇಲ್ಲಿನ ನಮ್ಮವರ ಮನೆಗಳಲ್ಲೂ ಊಟಕ್ಕೆ ಕೂತಾಗ ಈ ಮಾತು ಬರುತ್ತದೆ: "ಅವರ ರಕ್ತದಲ್ಲೇ ಇದೆ ಬಿಡಿ, ತಿನ್ನೋದೂ ಹಾಗೇ." ನಲವತ್ತೈದಕ್ಕೇ ಸ್ಟೆಂಟ್ ಹಾಕಿಸಿಕೊಂಡ ಭಾವ ಎರಡನೇ ಒಬ್ಬಟ್ಟಿಗೆ ತುಪ್ಪ ಬಡಿಸಿಕೊಳ್ಳುತ್ತಾ ಇದನ್ನು ಹೇಳುವಾಗ ನನಗೆ ನಗು ತಡೆಯುವುದು ಕಷ್ಟ. ಅವರಿಗೆ ನಾನು ಹೇಳುವುದು 1997ರ ಒಂದು ಅಧ್ಯಯನವನ್ನು. ರಿಚರ್ಡ್ ಡೇವಿಡ್ ಮತ್ತು ಜೇಮ್ಸ್ ಕಾಲಿನ್ಸ್ ಎಂಬ ವೈದ್ಯರು ಪಕ್ಕದ ಇಲಿನಾಯ್ ರಾಜ್ಯದ ಹೆರಿಗೆ ದಾಖಲೆಗಳನ್ನು ತೆಗೆದು ನೋಡಿದರು. ಅಮೆರಿಕದಲ್ಲೇ ಹುಟ್ಟಿದ ಬಿಳಿ ತಾಯಂದಿರ ಮಕ್ಕಳ ಸರಾಸರಿ ತೂಕ 3,446 ಗ್ರಾಂ, ಅಮೆರಿಕದಲ್ಲಿ ಹುಟ್ಟಿದ ಕಪ್ಪು ತಾಯಂದಿರ ಮಕ್ಕಳದು 3,089. ಆಫ್ರಿಕಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಕಪ್ಪು ತಾಯಂದಿರ ಮಕ್ಕಳದು? 3,333 ಗ್ರಾಂ. ದೋಷ ರಕ್ತದಲ್ಲಿದ್ದಿದ್ದರೆ ಆಫ್ರಿಕಾದಿಂದ ನೇರ ಬಂದವರ ಕೂಸುಗಳೇ ಎಲ್ಲರಿಗಿಂತ ಸಣ್ಣದಾಗಿರಬೇಕಿತ್ತು.

ಹಾಗಂತ ಡಾಕ್ಟರುಗಳು ಕೈಕಟ್ಟಿ ಕೂತಿದ್ದಾರೆ ಎಂದಲ್ಲ. ಲಾಸ್ ಏಂಜಲಿಸ್‌ನಲ್ಲಿ ರೊನಾಲ್ಡ್ ವಿಕ್ಟರ್ ಎಂಬ ಹೃದ್ರೋಗ ತಜ್ಞರು ಬಿಪಿ ಇದ್ದ ಕಪ್ಪು ಗಂಡಸರಿಗೆ ಕ್ಷೌರದಂಗಡಿಯಲ್ಲೇ ಫಾರ್ಮಸಿಸ್ಟ್‌ನಿಂದ ಮಾತ್ರೆ ಬರೆಸಿದರು. 52 ಅಂಗಡಿ, 319 ಜನ. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆರು ತಿಂಗಳಿಗೆ ಮೇಲಿನ ಬಿಪಿ ಸರಾಸರಿ 27 ಅಂಕ ಇಳಿದಿತ್ತು. ಕ್ಷೌರಿಕರು ಬರೀ ಬುದ್ಧಿಮಾತು ಹೇಳಿ ಡಾಕ್ಟರ ಹತ್ತಿರ ಕಳಿಸಿದ ಗುಂಪಿನಲ್ಲಿ ಇಳಿದದ್ದು 9 ಅಂಕ. ಮಾತ್ರೆ ಅದೇ ಹಳೆಯ ಮಾತ್ರೆ. ಬದಲಾದದ್ದು ಅದು ಸಿಗುವ ಜಾಗ, ಕೊಡುವ ಮನುಷ್ಯ.

ಸಮಾಜಕಾರ್ಯದವರು ಇನ್ನೂ ಹಿಂದಕ್ಕೆ, ಕಾಯಿಲೆ ಹುಟ್ಟುವ ಮೊದಲಿನ ಮನೆಗೆ ಹೋಗುತ್ತಾರೆ. ಪರ್ನೆಲ್ ಅವರ ವರದಿ ಹೇಳಿದ ದಾರಿಗಳಲ್ಲಿ ಶಾಲೆಯೊಳಗೇ ಕ್ಲಿನಿಕ್, ಎಳೆಯ ಮಕ್ಕಳ ಆರೈಕೆ ಇವೆಲ್ಲ ಇದ್ದವು. ನನಗೆ ಬೆರಗು ಹುಟ್ಟಿಸಿದ್ದು ಬಡ ಮಕ್ಕಳ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯಬೇಕೆಂಬ ಸಲಹೆ. ಆರೋಗ್ಯದ ವರದಿಯಲ್ಲಿ ಪಾಸ್‌ಬುಕ್ಕೇ ಎಂದು ನಾನೂ ನಕ್ಕಿದ್ದೆ. ಇದರ ಮೂಲಪುರುಷ ಅದೇ ಬ್ರೌನ್ ಸ್ಕೂಲಿನ ಮೈಕಲ್ ಶೆರಾಡನ್. ಬಡವರಿಗೆ ತಿಂಗಳ ಆದಾಯ ಮಾತ್ರ ಸಾಲದು, ನಾಳೆಗೆಂದು ಒಂದಿಷ್ಟು ಆಸ್ತಿ ಇರಬೇಕು ಎಂಬುದು ಅವರ ವಾದ. 2007ರಲ್ಲಿ ಒಕ್ಲಹೋಮಾದಲ್ಲಿ ಹುಟ್ಟಿದ ಸುಮಾರು 2,700 ಶಿಶುಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡಿ, ಒಂದು ಭಾಗದ ಮಕ್ಕಳ ಹೆಸರಲ್ಲಿ ತಲಾ 1,000 ಡಾಲರ್ ಇಟ್ಟರು. ಮುಂದಿನ ಓದಿಗೆಂದು ಇಟ್ಟ ಹಣ, ಮನೆಯವರು ಮುಟ್ಟುವಂತಿಲ್ಲ. ಅದರಿಂದ ಹಾಲು ಬರಲಿಲ್ಲ, ಔಷಧಿ ಬರಲಿಲ್ಲ. ಆದರೂ ಮಕ್ಕಳಿಗೆ ನಾಲ್ಕು ತುಂಬುವ ಹೊತ್ತಿಗೆ, ಖಾತೆ ಇದ್ದ ಮಕ್ಕಳ ತಾಯಂದಿರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆ ಇದ್ದವು. ಮಕ್ಕಳ ಭಾವನಾತ್ಮಕ ಬೆಳವಣಿಗೆ ತುಸು ಮೇಲಿತ್ತು, ಬಡ ಮನೆಗಳಲ್ಲಿ ಇನ್ನೂ ಸ್ಪಷ್ಟವಾಗಿ. ವ್ಯತ್ಯಾಸ ದೊಡ್ಡದೇನಲ್ಲ, ಅದನ್ನು ಉಬ್ಬಿಸಿ ಹೇಳುವವರನ್ನು ನಂಬಬೇಡಿ. ಆದರೆ ನಮ್ಮಜ್ಜಿ ಮೊಮ್ಮಗಳು ಹುಟ್ಟಿದ ದಿನ ಅಂಚೆ ಕಚೇರಿಯಲ್ಲಿ ನೂರು ರೂಪಾಯಿ ಕಟ್ಟಿ ಬಂದು "ಇವಳದು ಒಂದು ದಾರಿ ಆಯ್ತು" ಅಂದಿದ್ದನ್ನು ಕೇಳಿ ಬೆಳೆದವಳಿಗೆ ಇದು ಅರ್ಥವಾಗದ ವಿಷಯವಲ್ಲ.

ವರದಿ ಬಂದ ಮೂರು ತಿಂಗಳೊಳಗೇ, 2014ರ ಆಗಸ್ಟ್ 9ರಂದು, ಪಕ್ಕದ ಫರ್ಗುಸನ್‌ನಲ್ಲಿ ಮೈಕಲ್ ಬ್ರೌನ್ ಎಂಬ 18 ವರ್ಷದ ಹುಡುಗ ಪೊಲೀಸ್ ಗುಂಡಿಗೆ ಬಿದ್ದ. ಊರು ಹೊತ್ತಿ ಉರಿಯಿತು. ಅಲ್ಲಿಯವರೆಗೆ ಯಾರೂ ಬಿಡಿಸಿ ನೋಡದ ವರದಿಯ ನಕ್ಷೆಗಳು ಇದ್ದಕ್ಕಿದ್ದಂತೆ ಎಲ್ಲರ ಮೇಜಿನ ಮೇಲೆ ಬಂದವು. ರಾಜ್ಯಪಾಲರು ನೇಮಿಸಿದ ಫರ್ಗುಸನ್ ಆಯೋಗದ 2015ರ ವರದಿಯಲ್ಲಿ ಶಾಲಾ ಕ್ಲಿನಿಕ್ಕೂ ಮಕ್ಕಳ ಖಾತೆಯೂ ಸೇರಿಕೊಂಡವು. ಅದೇ ವರ್ಷ ಊರಿನ ಖಜಾನೆ ಕಚೇರಿ ಸರ್ಕಾರಿ ಶಾಲೆಯ ಪ್ರತಿ ಕಿಂಡರ್‌ಗಾರ್ಟನ್ ಮಗುವಿನ ಹೆಸರಲ್ಲಿ 50 ಡಾಲರಿನ ಖಾತೆ ತೆರೆಯತೊಡಗಿತು. ದುಡ್ಡು ಎಲ್ಲಿಂದ? ರಸ್ತೆಬದಿಯ ಪಾರ್ಕಿಂಗ್ ಮೀಟರಿನಿಂದ.

ಅಂತರ ಕಡಿಮೆಯಾಯಿತೇ ಎಂದು ನೀವು ಕೇಳುತ್ತೀರಿ. ಉತ್ತರದ ಬೀದಿಗಳಲ್ಲಿ ಇವತ್ತಿಗೂ ಕಿಟಕಿಗೆ ಹಲಗೆ ಹೊಡೆದ ಮನೆಗಳಿವೆ, ನನ್ನ ಫೈಲುಗಳಲ್ಲಿ 63106 ಇನ್ನೂ ಬರುತ್ತಲೇ ಇದೆ. ಸರ್ಜನ್ ಬೆಳಿಗ್ಗೆ ಕೊಯ್ದದ್ದರ ಫಲ ಸಂಜೆಗೆ ಗೊತ್ತಾಗುತ್ತದೆ. 2015ರಲ್ಲಿ ಖಾತೆ ತೆರೆದ ಐದು ವರ್ಷದ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ.