ಬಿ.ಡಿ. ಮುಗಿದ ಮೇಲೆ ಸಭಾಪಾಲನೆ, ಮಿಷನ್ ಸೇವೆ, ಕ್ರೈಸ್ತ ಶಿಕ್ಷಣ: ಯಾವ ದಾರಿ ಹಿಡಿಯಲಿ?

ಬಿ.ಡಿ., ಅಂದರೆ ದೇವಶಾಸ್ತ್ರದ ಪದವಿಯ, ಕೊನೆಯ ವರ್ಷದಲ್ಲಿದ್ದೀರಿ. ಮಿಷನರಿ ಆಗಬೇಕು ಅಂತ ಆಸೆ. ಹಳ್ಳಿಯ ಸಭೆ (ಚರ್ಚ್) ಕೊಟ್ಟರೆ ಮನೆ ಭೇಟಿ, ಸಂಡೇ ಸ್ಕೂಲ್ ಅಂತ ವಯಸ್ಸು ಕಳೆದುಹೋಗುತ್ತದೆ ಅನ್ನುವ ಭಯ. 26ನೇ ವಯಸ್ಸಿನಲ್ಲಿ ನಾನೂ ಇದನ್ನೇ ಕೇಳುತ್ತಾ ಓಡಾಡುತ್ತಿದ್ದೆ. ಆಮೇಲೆ ಏನಾಯಿತು ಅಂತ ಹೇಳುತ್ತೇನೆ.

ನಮ್ಮ ಮೆಥಡಿಸ್ಟ್ ಪಂಥದ ಪಾಸ್ಟರಿಗೆ ಊರು ಆರಿಸಿಕೊಳ್ಳುವ ಹಕ್ಕಿಲ್ಲ, ನಿಮಗೂ ಗೊತ್ತು. ಪಾಸ್ಟರುಗಳು ಸೇರುವ ವಾರ್ಷಿಕ ಕಾನ್ಫರೆನ್ಸಿನ ಕೊನೆಗೆ ಬಿಷಪ್ಪರು ನೇಮಕದ ಪಟ್ಟಿ ಓದುತ್ತಾರೆ, ನಾವು ಗಂಟುಮೂಟೆ ಕಟ್ಟುತ್ತೇವೆ. ನನಗೆ ಕೋಲಾರದ ಕಡೆಯ ಒಂದು ಹಳ್ಳಿ ಬಂತು. ಅದರ ಜೊತೆ ಸುತ್ತಲಿನ ನಾಲ್ಕು ಊರು. ಟೊಮ್ಯಾಟೊ, ರೇಷ್ಮೆ, ಒಂದೆರಡು ಹಸು ನಂಬಿಕೊಂಡ ಜನ. ಅರ್ಧಕ್ಕರ್ಧ ಮನೆಗಳಲ್ಲಿ ಮಾತು ತೆಲುಗು.

ನಾನು ಅಲ್ಲಿ ಸೋಮಾರಿಯಾಗಿ ಕೂತಿರಲಿಲ್ಲ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ತಪ್ಪು ದುಡಿಮೆಯ ಒಳಗೇ ಅಡಗಿತ್ತು. ಶನಿವಾರ ಬೆಳಿಗ್ಗೆ ಕೂತರೆ ರಾತ್ರಿವರೆಗೆ ಪ್ರಸಂಗದ (ಆರಾಧನೆಯ ಬೋಧನೆಯ) ತಯಾರಿ. ಭಾನುವಾರ 40 ನಿಮಿಷ, ಪುಸ್ತಕದ ಕನ್ನಡದಲ್ಲಿ. ಬುಧವಾರ ಪ್ರಾರ್ಥನಾ ಕೂಟ. ಉಳಿದ ದಿನ ಬೈಕಿನಲ್ಲಿ ಹೊಸ ಊರುಗಳಿಗೆ. ಸಭೆಯಿಲ್ಲದ ಊರಿನಲ್ಲಿ ಸಭೆ ಕಟ್ಟಿದರೆ ಮಾತ್ರ ಅದು ಮಿಷನ್ ಅಂತ ನಂಬಿದ್ದೆ. ಇದ್ದ ಸಭೆಯ ಮಕ್ಕಳು ಹೇಗಿದ್ದರೂ ಇರುತ್ತಾರೆ, ಅವರನ್ನು ನೋಡಿಕೊಳ್ಳಲು ಬೇರೆಯವರಿದ್ದಾರೆ ಅನ್ನುವ ಲೆಕ್ಕ.

ಆ ಬೇರೆಯವರು ಅಂದರೆ ಒಬ್ಬ ರಿಟೈರ್ಡ್ ಟೀಚರಮ್ಮ. ಆರಾಧನೆಗೆ ಮುಂಚೆ ಒಂದು ಗಂಟೆ ಮೂವತ್ತು ಮಕ್ಕಳನ್ನು ಕೂರಿಸಿಕೊಂಡು ಹಾಡು, ಕಥೆ, ಬಾಯಿಪಾಠದ ಬೈಬಲ್ ವಚನ. ಓದಲು ಬಾರದ ಮಕ್ಕಳಿಗೆ ಅದೇ ವಚನದಿಂದ ಅಕ್ಷರ ಕಲಿಸುತ್ತಿದ್ದರು. ಪ್ರತಿ ವಾರವೂ ನನ್ನನ್ನು ಕರೆಯುತ್ತಿದ್ದರು: "ಅಯ್ನೋರೆ, ಹತ್ತು ನಿಮಿಷ ಬಂದು ಕೂತ್ಕೊಳ್ಳಿ. ಮಕ್ಕಳು ನಿಮ್ಮ ಮುಖ ನೋಡ್ಲಿ." ನಾನು ಪ್ರತಿ ವಾರವೂ "ಮುಂದಿನ ವಾರ ಅಮ್ಮಾ" ಅನ್ನುತ್ತಿದ್ದೆ. ಪ್ರಸಂಗದ ಮೊದಲು ಒಂದು ಗಂಟೆ ಮೌನವಾಗಿರಬೇಕು ಅಂತ ನನ್ನದೊಂದು ನಿಯಮ. ಎರಡನೇ ವರ್ಷ ಟೀಚರಮ್ಮ ಕಾಯಿಲೆ ಬಿದ್ದು ಮಗಳ ಮನೆಗೆ ಹೋದರು. ಸಂಡೇ ಸ್ಕೂಲ್ ನಿಂತಿತು. ಯಾರಾದರೂ ಮುಂದೆ ಬರಲಿ ಅಂತ ಪೀಠದಿಂದ ಎರಡು ಸಲ ಹೇಳಿದೆ. ಯಾರೂ ಬರಲಿಲ್ಲ. ನಾನೂ ಶುರು ಮಾಡಲಿಲ್ಲ.

ಬೆಲೆ ಆಗಲೇ ಗೊತ್ತಾಗಲಿಲ್ಲ. ಮೊದಲು ಮಕ್ಕಳು ಬರುವುದು ಕಡಿಮೆಯಾಯಿತು. ಮಕ್ಕಳು ಎಬ್ಬಿಸಿ ಹೊರಡಿಸದಿದ್ದರೆ ಎಷ್ಟೋ ತಾಯಂದಿರು ಭಾನುವಾರ ಟೊಮ್ಯಾಟೊ ಕೀಳಲು ಕೂಲಿಗೆ ಹೋಗುತ್ತಿದ್ದರು. ಹಾಗಾಗಿ ಅವರೂ ಬರಲಿಲ್ಲ. ನಾನು ಇದಕ್ಕೆ ಕೂಲಿ, ಟಿವಿ, ಕಾಲ ಎಲ್ಲವನ್ನೂ ದೂರಿದೆ.

ಮೂರನೇ ವರ್ಷ ಒಬ್ಬ ಹುಡುಗ ಜ್ವರ ಏರಿ ಆಸ್ಪತ್ರೆ ಸೇರಿದ. ರಾತ್ರಿ ಹತ್ತಕ್ಕೆ ಫೋನ್ ಬಂತು, ಓಡಿದೆ. ಅವನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆಗೆ ಕಣ್ಣು ಮುಚ್ಚಿದೆ. ಹೆಸರು ಬಾಯಿಗೆ ಬರಲಿಲ್ಲ. ಕಣ್ಣು ತೆರೆದು ಮೆಲ್ಲಗೆ ಕೇಳಿದೆ. ತಾಯಿ ಹೆಸರು ಹೇಳಿದರು. ಪ್ರಾರ್ಥನೆ ಮುಗಿದ ಮೇಲೆ ಕಾರಿಡಾರಿನಲ್ಲಿ ಇನ್ನೊಂದು ಮಾತು ಹೇಳಿದರು: "ಮೂರು ವರ್ಷದಿಂದ ಮುಂದಿನ ಸಾಲಲ್ಲೇ ಕೂತ್ಕೊಳ್ತಿದ್ದ ಅಯ್ನೋರೆ. ಟೀಚರಮ್ಮ ಇದ್ದಿದ್ರೆ ಹೆಸರು ಕೇಳ್ತಿರಲಿಲ್ಲ."

ಹುಡುಗ ಗುಣವಾದ. ಆ ಕುಟುಂಬ ಮತ್ತೆ ನಮ್ಮ ಸಭೆಗೆ ಬರಲಿಲ್ಲ. ಆ ವರ್ಷದ ಕಾನ್ಫರೆನ್ಸಿನಲ್ಲಿ ನನ್ನನ್ನು ಬೇರೆ ಊರಿಗೆ ಹಾಕಿದರು. ಸಭೆಯವರೇ ಕೇಳಿಕೊಂಡಿದ್ದರು. ನನಗೆ ಅವರ ಮೇಲೆ ಒಂದಿಷ್ಟೂ ಬೇಸರವಿಲ್ಲ.

ನಿಜವಾಗಿ ನೋವಾದದ್ದು ಊರು ಬಿಟ್ಟದ್ದಕ್ಕೆ ಅಲ್ಲ. ಕಾನ್ಫರೆನ್ಸಿನ ಪೂರ್ಣ ಸದಸ್ಯತ್ವಕ್ಕೆ ಸೇರಿಸಿಕೊಳ್ಳುವಾಗ ನಮ್ಮ ಪಂಥ ಶುರು ಮಾಡಿದ ಜಾನ್ ವೆಸ್ಲಿ ಕಾಲದಿಂದ ಬಂದ ಪ್ರಶ್ನೆಗಳನ್ನು ಕೇಳುತ್ತಾರೆ. ನಿಮಗೂ ಕೇಳುತ್ತಾರೆ. ಅದರಲ್ಲಿ ಒಂದು, ಹೋದ ಊರಲ್ಲೆಲ್ಲ ಮಕ್ಕಳಿಗೆ ಶ್ರದ್ಧೆಯಿಂದ ಕಲಿಸುತ್ತೀಯಾ ಅಂತ. ಇನ್ನೊಂದು, ಮನೆಮನೆಗೆ ಹೋಗುತ್ತೀಯಾ ಅಂತ. ಎಲ್ಲರ ಎದುರು ನಿಂತು ಎರಡಕ್ಕೂ ಹೌದು ಅಂದಿದ್ದೆ. ಇದು ಸಂಡೇ ಸ್ಕೂಲ್ ಟೀಚರಿಗೆ ಕೇಳುವ ಪ್ರಶ್ನೆಯಲ್ಲ, ಪಾಸ್ಟರಿಗೆ ಕೇಳುವುದು. ಆಸ್ಪತ್ರೆಯಿಂದ ವಾಪಸ್ ಬರುವಾಗ ಆ "ಹೌದು" ನೆನಪಾಯಿತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ಮೂರು ದಾರಿ ಅಂದುಕೊಂಡಿದ್ದೀರಿ. ನಮ್ಮಲ್ಲಿ ಅದು ಮೊದಲಿನಿಂದ ಒಂದೇ ಕೆಲಸ. ಇಂಗ್ಲೆಂಡಿನ ಗ್ಲೌಸ್ಟರಿನಲ್ಲಿ ರಾಬರ್ಟ್ ರೇಕ್ಸ್ 1780ರಲ್ಲಿ ಸಂಡೇ ಸ್ಕೂಲ್ ಶುರು ಮಾಡಿದರು ಅಂತ ಎಲ್ಲರೂ ಓದುತ್ತೇವೆ. ಅದಕ್ಕೂ ಮೊದಲೇ, 1769ರಲ್ಲಿ, ಹೈ ವಿಕಂಬ್ ಊರಿನಲ್ಲಿ ಹ್ಯಾನಾ ಬಾಲ್ ಎಂಬ ಮೆಥಡಿಸ್ಟ್ ಹೆಣ್ಣುಮಗಳು ಮಕ್ಕಳನ್ನು ಸೇರಿಸಿಕೊಂಡು ಶುರು ಮಾಡಿದ್ದರು. ನಮ್ಮ ಕೋಲಾರವನ್ನೇ ನೋಡಿ. 1876–78ರ ದೊಡ್ಡ ಬರದಲ್ಲಿ ಅನಾಥರಾದ ಮಕ್ಕಳನ್ನು ಮಿಸ್ ಆನ್‌ಸ್ಟಿ ಎಂಬ ಮಿಷನರಿ ಸಾಕಿದರು. ಆ ಕೆಲಸವೇ ಮುಂದೆ ಮೆಥಡಿಸ್ಟ್ ಮಿಷನ್ನಿನ ಕೈಗೆ ಬಂತು. ಮಕ್ಕಳಿಂದ ಹುಟ್ಟಿದ ಸಭೆಗಳಲ್ಲಿ ನಾನು ಮಕ್ಕಳಿಗೆ ಸಮಯವಿಲ್ಲ ಅಂದಿದ್ದೆ.

ಆಮೇಲೆ ನನಗೆ ಧೈರ್ಯ ಕೊಟ್ಟದ್ದು ವಿಲಿಯಂ ಆರ್ಥರ್ ಅವರ ಜೀವನ. ತುಮಕೂರಿನ ಹತ್ತಿರದ ಗುಬ್ಬಿಗೆ 1839ರಲ್ಲಿ ಬಂದರು. ಐರ್ಲೆಂಡಿನವರು, ಆಗ ವಯಸ್ಸು 20. ಅಲ್ಲಿ ಥಾಮಸ್ ಹಾಡ್ಸನ್ ಅಷ್ಟರಲ್ಲೇ ವೆಸ್ಲಿಯನ್ (ಬ್ರಿಟಿಷ್ ಮೆಥಡಿಸ್ಟ್) ಮಿಷನ್ ಕೆಲಸ ಶುರು ಮಾಡಿದ್ದರು. ಆರ್ಥರ್ ಕನ್ನಡ ಕಲಿಯಲು ಕೂತರು. ಆದರೆ ಕಣ್ಣು ಕೆಟ್ಟಿತು, ಆರೋಗ್ಯ ಕೈಕೊಟ್ಟಿತು. 1841ರಲ್ಲಿ ವಾಪಸ್ ಹೋಗಬೇಕಾಯಿತು. ಎರಡು ವರ್ಷದ ಮಿಷನರಿ. ನಿಮ್ಮ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು, ಅಲ್ವಾ? ಅವರು 1847ರಲ್ಲಿ ಮೈಸೂರು ಸೀಮೆಯ ಬಗ್ಗೆ ಪುಸ್ತಕ ಬರೆದು ಬ್ರಿಟನ್ನಿನ ಜನಕ್ಕೆ ಇಲ್ಲಿಯ ಜನರ ಪರಿಚಯ ಮಾಡಿಕೊಟ್ಟರು. 1851ರಿಂದ 1868ರವರೆಗೆ ವೆಸ್ಲಿಯನ್ ಮಿಷನರಿ ಸೊಸೈಟಿಯ ಕಾರ್ಯದರ್ಶಿ. 1866ರಲ್ಲಿ ಬ್ರಿಟನ್ನಿನ ವೆಸ್ಲಿಯನ್ ಕಾನ್ಫರೆನ್ಸಿನ ಅಧ್ಯಕ್ಷ. 1868ರಲ್ಲಿ ಬೆಲ್‌ಫಾಸ್ಟಿನಲ್ಲಿ ಮೆಥಡಿಸ್ಟ್ ಕಾಲೇಜು ತೆರೆದಾಗ ಅದರ ಮೊದಲ ಪ್ರಿನ್ಸಿಪಾಲ್. ಪಾಸ್ಟರ್, ಮಿಷನರಿ, ಮೇಷ್ಟ್ರು, ಮೂರೂ ಒಬ್ಬರೇ. ಯಾವುದು ಯಾವಾಗ ಅಂತ ಅವರು ತೀರ್ಮಾನ ಮಾಡಲಿಲ್ಲ. ಆ ತೀರ್ಮಾನವನ್ನು ಕೈಕೊಟ್ಟ ಕಣ್ಣು ಮಾಡಿತು, ಕಾನ್ಫರೆನ್ಸ್ ಮಾಡಿತು. (ಗುಬ್ಬಿ, ತುಮಕೂರು, ಮೈಸೂರಿನ ಆ ವೆಸ್ಲಿಯನ್ ಸಭೆಗಳು 1947ರಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದವು. ಅಮೆರಿಕನ್ ಮಿಷನ್ನಿನಿಂದ ಬಂದ ಕೋಲಾರ, ಬೀದರ್ ಕಡೆಯ ನಾವು ಬೇರೆಯಾಗಿ ಉಳಿದೆವು. ಬೇರು ಒಂದೇ.)

ವೆಸ್ಲಿಯೂ ಮೊದಲು ನಿಮ್ಮ ಹಾಗೆ ದೂರದ ಕೆಲಸಕ್ಕೇ ಹೊರಟವರು. ಅಮೆರಿಕದ ಮೂಲನಿವಾಸಿಗಳಿಗೆ ಸುವಾರ್ತೆ ಸಾರಬೇಕು ಅಂತ 1736ರಲ್ಲಿ ಜಾರ್ಜಿಯಾ ತಲುಪಿದರು. ಎರಡು ವರ್ಷ ತುಂಬುವ ಮೊದಲೇ ಮನಸ್ಸು ಮುರಿದು ಹೊರಟರು. ಅವರ ದೊಡ್ಡ ಸೇವೆ ಶುರುವಾದದ್ದು ಸ್ವಂತ ದೇಶದ ಗಣಿ ಕೂಲಿಗಳ ನಡುವೆ.

ಕೋರ್ಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ಎಂ.ಟಿಎಚ್.ಗೆ, ಅಂದರೆ ದೇವಶಾಸ್ತ್ರದ ಸ್ನಾತಕೋತ್ತರ ಪದವಿಗೆ, ಈಗಲೇ ಹೋಗಬೇಡಿ. ಮೊದಲು ಒಂದು ಹಳ್ಳಿಯ ಸಭೆಯಲ್ಲಿ ಐದು ವರ್ಷ ಇರಿ. ಕ್ರೈಸ್ತ ಶಿಕ್ಷಣ ಓದುವ ಆಸೆ ಆಮೇಲೂ ಉಳಿದರೆ ಓದಿ, ಆಗ ಏನು ಕೇಳಬೇಕು ಅಂತ ಗೊತ್ತಿರುತ್ತದೆ. ಹೊರರಾಜ್ಯದ ಮಿಷನ್ನಿಗೆ ಹೆಸರು ಕೊಡುವುದಾದರೂ ಇದಾದ ಮೇಲೆ ಕೊಡಿ. ಇದ್ದ ಊರಿನ ಮಕ್ಕಳ ಜೊತೆ ಕೂರಲು ಬಾರದವರು ಭಾಷೆ ಗೊತ್ತಿಲ್ಲದ ಊರಿಗೆ ಹೋಗಿ ಏನು ಮಾಡುತ್ತಾರೆ? ಇದನ್ನು ಖಾರವಾಗಿಯೇ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಎರಡನೇ ಊರಿನಲ್ಲಿ ನಾನು ಪ್ರಸಂಗವನ್ನು 20 ನಿಮಿಷಕ್ಕೆ ಇಳಿಸಿದೆ. ಮೊದಲಿನ ಮೌನದ ಗಂಟೆಯನ್ನು ಮಕ್ಕಳಿಗೆ ಕೊಟ್ಟೆ. ಮೊದಲ ಭಾನುವಾರ ಏಳು ಮಕ್ಕಳು ಬಂದರು. ಒಂದು ನೋಟ್‌ಬುಕ್ ತಗೊಂಡು ಪ್ರತಿಯೊಬ್ಬರ ಹೆಸರು, ಮನೆಯಲ್ಲಿ ಆಡುವ ಮಾತು, ಓದಲು ಬರುತ್ತದಾ ಇಲ್ಲವಾ ಅಂತ ಬರೆದುಕೊಂಡೆ. ಆ ವಾರವೇ ಏಳೂ ಮನೆಗೆ ಹೋದೆ. ತೆಲುಗಿನಲ್ಲಿ ಕಥೆ ಹೇಳುವುದನ್ನು ಆ ಮಕ್ಕಳೇ ನನಗೆ ಕಲಿಸಿದರು. ನಿಮ್ಮ ನೇಮಕ ಯಾವ ಊರಿಗೆ ಆದರೂ ಮೊದಲ ಭಾನುವಾರ ಈ ನೋಟ್‌ಬುಕ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ.