ಮನೆಯಲ್ಲಿ ತುಳು, ಹೊರಗೆ ಕನ್ನಡ: ಮಗುವಿನ ಮಿದುಳಿಗೆ ಹೊರೆಯೇ?

ಮೂಡಿಗೆರೆಯ ಕಡೆ ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ ಕೇಳುತ್ತ ಬೆಳೆಯುವ ಮಗುವಿನ ಬುದ್ಧಿ ಗೊಂದಲಕ್ಕೀಡಾಗುವುದೇ ಎಂಬ ನಿಮ್ಮ ಆತಂಕಕ್ಕೆ ಆಧಾರವಿಲ್ಲ. ಕೇಳುವ ಸಮಯ ಎರಡು ಭಾಷೆಗಳ ನಡುವೆ ಹಂಚಿಹೋಗುವುದರಿಂದ ಒಂದೊಂದರಲ್ಲಿಯೂ ಪದಸಂಪತ್ತು ಕೊಂಚ ಕಡಿಮೆ ಕಾಣಬಹುದು. ಎರಡನ್ನೂ ಕೂಡಿಸಿ ಎಣಿಸಿದರೆ ಆ ಕೊರತೆ ಬಹುಮಟ್ಟಿಗೆ ಉಳಿಯುವುದಿಲ್ಲ. ಮಾತಿನಲ್ಲಿ ಎರಡನ್ನೂ ಬೆರೆಸುವುದು ಸಹಜ (ದೊಡ್ಡವರಾದ ನಾವೂ ಅದನ್ನೇ ಮಾಡುತ್ತೇವೆ).

ಒಂದು ಭಾಷೆಯಲ್ಲಿ ಮಾತನಾಡುವಾಗಲೂ ಇನ್ನೊಂದು ಮಿದುಳಿನಲ್ಲಿ ಸಕ್ರಿಯವಾಗಿಯೇ ಇರುವುದರಿಂದ, ಮಗು ಎದುರಿಗಿರುವವರನ್ನು ನೋಡಿ ಒಂದನ್ನು ಆರಿಸಿ ಇನ್ನೊಂದನ್ನು ತಡೆಹಿಡಿಯಬೇಕಾಗುತ್ತದೆ. ಈ ಅಭ್ಯಾಸದಿಂದ ಗಮನಶಕ್ತಿಯೇ ಹೆಚ್ಚುತ್ತದೆಂಬ ವಾದ ಜನಪ್ರಿಯವಾದರೂ, 2019ರಲ್ಲಿ ಪ್ರಕಟವಾದ, ಅಮೆರಿಕದ 9–10 ವರ್ಷದ ಸುಮಾರು 4,500 ಮಕ್ಕಳ ಅಧ್ಯಯನದಲ್ಲಿ ಅಂಥ ಮೇಲುಗೈ ಕಾಣಲಿಲ್ಲ. ಹಾಗಾಗಿ ಅದನ್ನು ನಾನು ಖಚಿತವೆಂದು ಹೇಳಲಾರೆ. ಎರಡೂ ಭಾಷೆಗಳಲ್ಲಿ ಮಾತು ಹಿಂದುಳಿದಿದ್ದರೆ ಮಾತ್ರ ಭಾಷೆಯನ್ನು ದೂರದೆ ಮಗುವಿನ ಶ್ರವಣ ಪರೀಕ್ಷೆ ಮಾಡಿಸಿ.